ಭದ್ರತೆ ಮತ್ತು ನಿರಾಕರಣೆಯ ಹಕ್ಕು

ಸೋವಿಯತ್ ಒಕ್ಕೂಟ 1991ರಲ್ಲಿ ವಿಸರ್ಜನೆಗೊಂಡ ಮೇಲೂ, ಅಲ್ಲಿನ ಜನರ ದಿನನಿತ್ಯದ ಬದುಕು ಹೇಗಿತ್ತೆಂಬ ಪ್ರಶ್ನೆಗೆ ಎರಡು ಉತ್ತರಗಳು ಉಳಿದುಕೊಂಡಿವೆ. ಎಲ್ಲರಿಗೂ ಕೆಲಸ, ಅಲ್ಪ ಬಾಡಿಗೆಯ ಮನೆ, ಶುಲ್ಕವಿಲ್ಲದ ಶಿಕ್ಷಣ ಮತ್ತು ಚಿಕಿತ್ಸೆ ದೊರೆತಿದ್ದನ್ನು ಕೆಲವರು ನೆನೆದರೆ, ಅಂಗಡಿಗಳ ಮುಂದಿನ ಸರದಿಯನ್ನೂ, ಹಲವು ಕುಟುಂಬಗಳು ಒಂದೇ ಅಡುಗೆಮನೆಯನ್ನು ಬಳಸುತ್ತಿದ್ದ ‘ಕೊಮುನಾಲ್ಕಾ’ ವಸತಿಗಳನ್ನೂ, ಮನಸ್ಸಿನ ಮಾತನ್ನು ಆಡಲಾಗದ ಭಯವನ್ನೂ ಮತ್ತೆ ಕೆಲವರು ನೆನೆಯುತ್ತಾರೆ. ಎರಡೂ ಒಂದೇ ವ್ಯವಸ್ಥೆಯ ಫಲಗಳೆಂದು ಗ್ರಹಿಸಿದಾಗ ಮಾತ್ರ ಈ ವಿವೇಚನೆ ಮುಂದುವರಿಯುತ್ತದೆ.

ಇಂಥ ಭದ್ರತೆಯ ಹಂಬಲ ಎಷ್ಟು ಆಳವಾದುದೆಂಬುದನ್ನು ಕರ್ನಾಟಕದ ಇಳಕಲ್, ಗುಳೇದಗುಡ್ಡಗಳ ಕೈಮಗ್ಗದ ಓಣಿಗಳೂ ತಿಳಿಸುತ್ತವೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಬಲ್ಲ ಕುಶಲ ನೇಕಾರನೂ ನೂಲಿಗೆ, ಮಾರಾಟಕ್ಕೆ ಸಾವಕಾರನೊಬ್ಬನನ್ನೇ ನಂಬಿದ್ದರೆ, ಪಡೆದ ಮುಂಗಡ ತೀರುವವರೆಗೆ ಕೂಲಿಯ ದರವನ್ನು ಪ್ರಶ್ನಿಸಲಾರ. ಆದ್ದರಿಂದಲೇ ನೇಕಾರರ ಸಹಕಾರ ಸಂಘಗಳೂ, ನೂಲು ಕೊಟ್ಟು ನೇಯ್ದ ಬಟ್ಟೆಯನ್ನು ಪಡೆದು ಕೂಲಿ ನೀಡುವ, 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವೂ ಅಗತ್ಯವಾದವು. ಬಡವರಿಗಾಗಿ ಅಗ್ಗದ ಧೋತರ, ಸೀರೆಗಳನ್ನು ಸಹಾಯಧನದಿಂದ ನೇಯಿಸಿದ 1976ರ ಜನತಾ ಬಟ್ಟೆ ಯೋಜನೆ ಮಗ್ಗಗಳಿಗೆ ಕೆಲಸ ಕೊಟ್ಟಿತಾದರೂ, ಒರಟು ಬಟ್ಟೆಯ ನೇಯ್ಗೆಯಲ್ಲಿ ನೇಕಾರನ ಕುಶಲತೆಗೆ ಅವಕಾಶ ಕಡಿಮೆಯೆಂಬ ಟೀಕೆಯನ್ನೂ ಎದುರಿಸಿತು.

ಆದರೆ ಸೋವಿಯತ್ ವ್ಯವಸ್ಥೆಯಲ್ಲಿ ಕೆಲಸ ಕೊಡುವ ಹೊಣೆಯೊಂದಿಗೆ ಕೆಲಸಕ್ಕೆ ಒತ್ತಾಯಿಸುವ ಅಧಿಕಾರವೂ ಪ್ರಭುತ್ವದ ಕೈಯಲ್ಲೇ ಸೇರಿತ್ತು. ನಿರುದ್ಯೋಗ ನಿರ್ಮೂಲವಾಯಿತೆಂದು 1930ರಲ್ಲಿ ಸಾರಿದ ಪ್ರಭುತ್ವವೇ, ಸಮಾಜಕ್ಕೆ ಉಪಯುಕ್ತವಾದ ದುಡಿಮೆ ಮಾಡದವರನ್ನು ‘ಪರಾವಲಂಬಿ’ಗಳೆಂದು ಕರೆದು ಶಿಕ್ಷಿಸುವ ಆದೇಶವನ್ನು 1961ರಲ್ಲಿ ಹೊರಡಿಸಿತು; ಕವಿ ಜೋಸೆಫ್ ಬ್ರಾಡ್‌ಸ್ಕಿಗೆ 1964ರಲ್ಲಿ ಐದು ವರ್ಷಗಳ ಗಡೀಪಾರು ವಿಧಿಸಿದ್ದು ಇದೇ ಆರೋಪದ ಮೇಲೆ. ಸಾಮೂಹಿಕ ಬೇಸಾಯದ ಬಹುಪಾಲು ರೈತರಿಗೆ ಊರು ಬಿಟ್ಟು ನೆಲೆಸಲು ಬೇಕಾದ ಆಂತರಿಕ ಪಾಸ್‌ಪೋರ್ಟ್ 1974ರ ಆದೇಶದವರೆಗೆ ಹಕ್ಕಾಗಿರಲಿಲ್ಲ.

ಹೀಗಿದ್ದರೂ ಹಳೆಯ ಕಾಲವನ್ನು ಹಂಬಲಿಸುವವರನ್ನು ಮರುಳರೆನ್ನುವುದು ಅನ್ಯಾಯ. 1992ರ ಜನವರಿಯಲ್ಲಿ ರಷ್ಯಾದಲ್ಲಿ ಬೆಲೆಗಳ ನಿಯಂತ್ರಣ ತೆಗೆದಾಗ ಜೀವಮಾನದ ಉಳಿತಾಯ ಕರಗಿಹೋದವರು, ತಮ್ಮ ಹಿಂದಿನ ದಿನಗಳನ್ನು ಅಳೆಯುವುದು ಆ ನಷ್ಟದ ಎದುರಿನಲ್ಲಿ. ಆದರೆ ನಿಗಮದ ಕೂಲಿ ಒಪ್ಪಿಗೆಯಾಗದ ನೇಕಾರ ಸಂಘಕ್ಕೋ ಸಾವಕಾರನಲ್ಲಿಗೋ ಹೋಗಬಲ್ಲ, ಬೀದಿಗಿಳಿದು ಪ್ರತಿಭಟಿಸಬಲ್ಲ, ಸರ್ಕಾರದ ವಿರುದ್ಧ ಮತ ಹಾಕಬಲ್ಲ. ಅವನಿಗೆ ಇವುಗಳಲ್ಲಿ ಯಾವ ದಾರಿಯೂ ಪೂರ್ತಿ ಸುಗಮವಲ್ಲ, ಆದರೆ ಸೋವಿಯತ್ ಪ್ರಜೆಗೆ ಇಂಥ ದಾರಿಗಳೇ ಮುಚ್ಚಿದ್ದವು. ಅನ್ನ, ವಸತಿ, ಕೆಲಸಗಳನ್ನು ಕೊಡುವವರನ್ನೇ ನಿರ್ಭಯವಾಗಿ ಎದುರಿಸುವ ಅವಕಾಶ ಇದ್ದಲ್ಲಿ ಮಾತ್ರ ಭದ್ರತೆ ಹಕ್ಕಾಗುತ್ತದೆ. ಅದಿಲ್ಲದೆಡೆ ಅದು ವಿಧೇಯತೆಗೆ ಸಲ್ಲುವ ಪ್ರತಿಫಲವಷ್ಟೇ.