ಹೆಸರಿನ ಒಂದಕ್ಷರ, ಪಿಯುಸಿಯ ಒಂದು ವಿಷಯ

ಎಸೆಸೆಲ್ಸಿ ಫಲಿತಾಂಶ ಬಂದ ಮರುದಿನ ನಮ್ಮ ಮನೆಗಳಲ್ಲಿ ಶುರುವಾಗುವ ಓಡಾಟ ಗೊತ್ತಿದ್ದದ್ದೇ. ಗೆಳೆಯ ಕಾಮರ್ಸ್ ತೆಗೆದುಕೊಂಡ, ಹಾಗಾಗಿ ಇವನಿಗೂ ಕಾಮರ್ಸ್. ಉಪ್ಪ ಗಲ್ಫ್‌ನಿಂದ ಫೋನಿನಲ್ಲಿ "ನಿನಗೆ ಯಾವುದು ಬೇಕೋ ಅದು ಮಾಡು" ಅಂದರೆ ಮುಗಿಯಿತು. ಈ ಮಾತುಕತೆ ಎಂಟು, ಒಂಬತ್ತನೇ ತರಗತಿಯಲ್ಲೇ ಆಗಬೇಕಿತ್ತು.

ನರ್ಸ್ ಆಗಬೇಕೆನ್ನುವ ಹುಡುಗಿ ಜೀವಶಾಸ್ತ್ರವಿಲ್ಲದ ವಿಭಾಗ ಸೇರಿದರೆ ಎರಡು ವರ್ಷದ ಬಳಿಕ ಬಿಎಸ್ಸಿ ನರ್ಸಿಂಗ್ ಸಿಗುವುದಿಲ್ಲ. ಇಂಜಿನಿಯರಿಂಗ್‌ಗೆ ಪಿಯುಸಿಯೊಂದೇ ದಾರಿಯೂ ಅಲ್ಲ. 3 ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ಹೇಳುವವರಿಲ್ಲದೆ ನಮ್ಮವರು ಪಾಲಿಟೆಕ್ನಿಕ್ ಅಂದರೆ ಮಾರ್ಕ್ ಕಮ್ಮಿ ಆದವರಿಗೆ ಅಂದುಕೊಂಡಿದ್ದಾರೆ.

ಇನ್ನು ನಮ್ಮದೇ ಒಂದು ತಾಪತ್ರಯ, ಹೆಸರು. ಆಧಾರ್‌ನಲ್ಲಿ ಮೊಹಮ್ಮದ್, ಶಾಲೆಯಲ್ಲಿ ಮುಹಮ್ಮದ್, ಜನನ ಪ್ರಮಾಣಪತ್ರದಲ್ಲಿ ಬರೇ ಎಂ.ಡಿ. ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮುಂದೆ ಪಾಸ್‌ಪೋರ್ಟ್‌ಗೂ ಅದೇ ಗೋಳು. ಹತ್ತನೆಯ ಪರೀಕ್ಷೆಗೆ ನೋಂದಣಿ ಆಗುವ ಮೊದಲೇ ಸರಿಪಡಿಸಿದರೆ ಕೆಲಸ ಹಗುರ. ಅಂಕಪಟ್ಟಿ ಅಚ್ಚಾದ ಮೇಲೆ ಬರೀ ಅಲೆದಾಟ. ಸಿಇಟಿ ಸೀಟಿಗೆ ಬೇಕಾದ 2ಬಿ ಜಾತಿ-ಆದಾಯ ಪ್ರಮಾಣಪತ್ರಕ್ಕೂ ಕೊನೆಯ ವಾರ ನಾಡಕಚೇರಿಗೆ ಓಡುವುದಲ್ಲ.

ಜಮಾಅತ್‌ಗಳು ಫಲಿತಾಂಶದ ನಂತರ ಸನ್ಮಾನ ಮಾಡುತ್ತವೆ, ಸಂತೋಷ. ಆ ಶಾಲು, ಫಲಕದ ಖರ್ಚಿನಲ್ಲೇ ಒಂದು ದಿನ ಮದ್ರಸದ ಹಾಲ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳನ್ನೂ ಉಮ್ಮಂದಿರನ್ನೂ ಕೂರಿಸಿ, ಊರಿನದೇ ಒಬ್ಬ ನರ್ಸ್, ಒಬ್ಬ ಡಿಪ್ಲೊಮಾ ಆದವ, ಸಿಎ ಓದುತ್ತಿರುವ ಒಬ್ಬ ಹುಡುಗಿಯನ್ನು ಮಾತಾಡಿಸಲಿ. ಬರುವಾಗ ಮಕ್ಕಳ ದಾಖಲೆಗಳನ್ನೂ ಹಿಡಿದುಕೊಂಡು ಬನ್ನಿ ಎನ್ನಲಿ.