ಮುದ್ರೆಯಿಲ್ಲದ ತಕ್ಕಡಿ

ನಮ್ಮ ಚಿಲ್ಲರೆ ಅಂಗಡಿಯವರ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಮುದ್ರೆಯಿಲ್ಲದ ತೂಕದ ಕಲ್ಲು ಸಿಕ್ಕರೆ ದಂಡ ತೆರಬೇಕು. ಇದು ನ್ಯಾಯವೇ. ಆದರೆ ಕೋಟಿಗಟ್ಟಲೆ ಜನರನ್ನು ಎಣಿಸಿ ಮಾರುವ ಸಾಮಾಜಿಕ ಜಾಲತಾಣಗಳ ತಕ್ಕಡಿಗೆ ಮುದ್ರೆ ಒತ್ತುವವರು ಯಾರು?

ಯಾವ ದೇಶದಲ್ಲಿ ಎಷ್ಟು ಬಳಕೆದಾರರಿದ್ದಾರೆಂದು ಹೇಳುವವರು ಆ ಕಂಪೆನಿಗಳೇ. ಆ ಲೆಕ್ಕ ತೋರಿಸಿ ಜಾಹೀರಾತಿಗೆ ಹಣ ಪಡೆಯುವವರೂ ಅವರೇ. 2017ರಲ್ಲಿ ಫೇಸ್‌ಬುಕ್, ಅಮೆರಿಕದಲ್ಲಿ 18ರಿಂದ 24 ವಯಸ್ಸಿನ 4 ಕೋಟಿ 10 ಲಕ್ಷ ಜನರಿಗೆ ಜಾಹೀರಾತು ಮುಟ್ಟಿಸಬಲ್ಲೆನೆಂದು ಹೇಳುತ್ತಿತ್ತು. ಆ ದೇಶದ ಜನಗಣತಿಯ ಪ್ರಕಾರ ಆ ವಯಸ್ಸಿನವರು ಇದ್ದುದೇ ಸುಮಾರು 3 ಕೋಟಿ 10 ಲಕ್ಷ! ಮಿಕ್ಕ ಒಂದು ಕೋಟಿ ಜನ ಎಲ್ಲಿಂದ ಬಂದರು? ತನ್ನ ಅಂದಾಜು ಜನಗಣತಿಗೆ ಹೊಂದಲೆಂದು ಮಾಡಿದುದಲ್ಲ ಎಂದು ಕಂಪೆನಿ ಉತ್ತರ ಕೊಟ್ಟಿತು. ಕೊಂಡವನ ಗಂಟು ಮಾತ್ರ ಕರಗಿತ್ತು.

ಇಂಥ ಅಂದಾಜಿಗೆ ಆಧಾರವೇನು? ಬಳಕೆದಾರನು ತಾನೇ ಬರೆದ ಊರು. ಇಲ್ಲವೆ ಅವನ ಇಂಟರ್‌ನೆಟ್ ಸಂಪರ್ಕದ ವಿಳಾಸ. ಟ್ವಿಟರ್ ಬಗ್ಗೆ 2011ರಲ್ಲಿ ಹೊರಬಂದ ಒಂದು ಅಧ್ಯಯನದಲ್ಲಿ, 100ರಲ್ಲಿ 34 ಮಂದಿ ನಿಜವಾದ ಸ್ಥಳವನ್ನೇ ಕೊಟ್ಟಿರಲಿಲ್ಲ. ಸಂಪರ್ಕದ ವಿಳಾಸವನ್ನೂ ವಿಪಿಎನ್ ಬಳಸಿ ಬೇರೆ ದೇಶದ್ದೆಂದು ತೋರಿಸಬಹುದು.

ಮೋಸ ಹಣದ ಲೆಕ್ಕಕ್ಕೇ ನಿಲ್ಲುವುದಿಲ್ಲ. ಟ್ವಿಟರ್ ಈಗ ‘ಎಕ್ಸ್’ ಆಗಿದೆ. 2025ರ ನವೆಂಬರಿನಲ್ಲಿ ಅದು ಒಂದೊಂದು ಖಾತೆಯೂ ಯಾವ ದೇಶದ್ದೆಂದು ತೋರಿಸತೊಡಗಿತು. ಅಮೆರಿಕದ ದೇಶಭಕ್ತರೆಂದು ಗುಡುಗುತ್ತಿದ್ದ ಹಲವು ಖಾತೆಗಳು ಪೂರ್ವ ಯುರೋಪು, ಆಫ್ರಿಕ, ದಕ್ಷಿಣ ಏಷ್ಯಗಳಲ್ಲಿರುವುದು ಬಯಲಾಯಿತು. ಆ ಜಾಲತಾಣದಲ್ಲಿ ಗದ್ದಲ ಹೆಚ್ಚಿದಷ್ಟೂ ಖಾತೆದಾರನಿಗೆ ಹಣ ಬರುವ ಪದ್ಧತಿಯಿದೆ. ನೆರೆಯವರು ಬಡಿದಾಡಿದರೆ ದೂರದವನಿಗೆ ಸಂಪಾದನೆ! ಈ ಗುರುತಿನಲ್ಲೂ ತಪ್ಪುಗಳಿವೆಯೆಂದು ಕಂಪೆನಿಯೇ ಒಪ್ಪಿದೆ. ಆದುದರಿಂದ ಅದನ್ನೇ ಕಡೆಯ ಸಾಕ್ಷಿಯೆಂದು ಹಿಡಿದು ಯಾರ ಮೇಲೂ ಎಗರಬಾರದು.

ಎಣಿಕೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಎಣಿಸುವ ರೀತಿ ಬಹಿರಂಗವಾಗಲಿ. ಹೊರಗಿನವರು ಅದನ್ನು ತನಿಖೆ ಮಾಡಲಿ. ದೇಶ ಗೊತ್ತಾದರೆ ಸಾಕು. ಮನೆ, ಬೀದಿ ಗೊತ್ತಾಗಬೇಕಿಲ್ಲ. ಮಾಲೀಕನ ಅನ್ಯಾಯದ ಬಗ್ಗೆ ಬರೆದ ಕಾರ್ಮಿಕನ ಮನೆಬಾಗಿಲನ್ನು ಮಾಲೀಕನಿಗೆ ತೋರಿಸುವ ಲೆಕ್ಕ ನಮಗೆ ಬೇಡ.

ವ್ಯಾಪಾರಿ ಬಂಧುಗಳೇ, ‘ನಿಮ್ಮ ಊರಿನಲ್ಲಿ ಇಷ್ಟು ಲಕ್ಷ ಜನ ನೋಡುತ್ತಾರೆ’ ಎಂದರೆ ಹಣ ಕಟ್ಟುವ ಮೊದಲು ಊರಿನ ಜನಸಂಖ್ಯೆ ಎಷ್ಟೆಂದು ಕೇಳಿ ನೋಡಿ. ಕಾರ್ಮಿಕ ಬಂಧುಗಳೇ, ಪಕ್ಕದ ಮಗ್ಗದವನ ಮೇಲೆ ಸಿಟ್ಟು ಬರಿಸುವ ಸುದ್ದಿ ಬಂದರೆ, ಬರೆದವನು ಎಲ್ಲಿ ಕುಳಿತಿದ್ದಾನೆಂದು ಮೊದಲು ವಿಚಾರಿಸಿ.