‘ಇಷ್ಟು ಸರಳ ಅದ’ ಅನ್ನೋದು ಬಿಡ್ರಿ

ನಮ್ಮ ಅತ್ತಿಯವರ ಹಾಡಿನ ವಹಿ ಹಾಳಿ ಉದರಲಿಕ್ಕೆ ಹತ್ಯಾವ. ಅದನ್ನ ಕಂಪ್ಯೂಟರಿನಾಗ ಟೈಪ್ ಮಾಡಿ ಇಡಬೇಕು ಅಂತ ಅವರ ಆಶಾ. ಮೊನ್ನೆ ನಮ್ಮ ಮನಿಯವರು ಕಲಿಸಲಿಕ್ಕೆ ಕೂತ್ರು. ಐದು ನಿಮಿಷ ಆಗಿರಲಿಲ್ಲ, ಮೌಸ್ ಕಸಕೊಂಡು “ಇಷ್ಟು ಸರಳ ಅದ, ಇದೂ ತಿಳಿಯಂಗಿಲ್ಲೇನವಾ ನಿನಗ?” ಅಂದ್ರು. ಅತ್ತಿಯವರು “ನನಗ್ಯಾಕಪಾ ಈ ವಯಸ್ಸಿನಾಗ” ಅಂತ ಎದ್ದು ಅಡಗಿಮನಿಗೆ ಹೋದ್ರು.

“ನೋಡು, ಅಕಿಗೆ ಆಸಕ್ತಿನ ಇಲ್ಲ” ಅಂತ ತೀರ್ಪು ಬೇರೆ!

ಆಸಕ್ತಿ ಇಲ್ಲದ್ದಲ್ಲರೀ, ಅವಮಾನ ಆಗಿದ್ದು. ಸರಳ ಇದ್ದದ್ದೂ ಬರಲಿಲ್ಲ ಅಂದ್ರ ‘ನಾ ದಡ್ಡಿ’ ಅಂತನ ಅರ್ಥ ಆಗ್ತದಲ್ಲಾ? ನಾ ಈ ಮನಿಗೆ ಹೊಸದಾಗಿ ಬಂದಾಗ ಲಟ್ಟಿಸಿದ ಹೋಳಿಗಿಯೆಲ್ಲಾ ಹರದು ಹೂರಣ ಹೊರಗ ಬರ್ತಿತ್ತು. ಅತ್ತಿಯವರು ಒಂದಿನಾನೂ ಲಟ್ಟಣಗಿ ಕಸಕೊಳ್ಳಲಿಲ್ಲ. “ಹರದ ಹೋಳಿಗಿ ತುಪ್ಪ ಛಲೋ ಹಿಡೀತದ” ಅಂತಿದ್ರು. ಇಂಥವರಿಗೆ ಕಲಿಸೋ ರೀತಿ ಇದೇನು?

ಮರುದಿನ ಮಧ್ಯಾಹ್ನ ನಾನ ಕೂತೆ. ಮೊದಲು ಕೇಳಿದೆ, “ಅತ್ತಿ, ಯಾತರ ಹೆದರಿಕಿ?” “ಏನರ ಒತ್ತಿ, ಅವನ ಆಫೀಸಿನ ಕೆಲಸ ಹಾಳಾದ್ರ?” ಅಂದ್ರು. ಖರೇನ ಅಲ್ಲೇನು? ಅವರಿಗೇ ಬ್ಯಾರೆ ಒಂದು ಖಾತೆ ಮಾಡಿಕೊಟ್ಟೆ. ಆಮ್ಯಾಲೆ ಬರಿಯೋದಕ್ಕಿಂತ ಮೊದಲು ಕೆಡಿಸೋದು ಕಲಿಸಿದೆ. ಒಂದು ಸಾಲು ಅಳಿಸಿದ್ರು. ಕಂಟ್ರೋಲ್ ಹಿಡದು ಜೆಡ್ ಒತ್ತಿಸಿದೆ, ಸಾಲು ವಾಪಸ್ ಬಂತು. ನಾಕು ಸಲ ಅಳಿಸಿ ನಾಕು ಸಲ ತಂದು ನಕ್ಕರು. ಬೆರಳು ನಡಗಿ ಡಬಲ್ ಕ್ಲಿಕ್ ಆಗ್ತಿದ್ದಿಲ್ಲ. ಒಮ್ಮೆ ಕ್ಲಿಕ್ ಮಾಡಿ ಎಂಟರ್ ಹೊಡದ್ರೂ ಫೈಲ್ ತೆರೀತದ ಅಂತ ತೋರಿಸಿದೆ. ನುಡಿಯೊಳಗ ಕೆ ಒತ್ತಿದ್ರ ಕ, ಶಿಫ್ಟ್ ಹಿಡದು ಒತ್ತಿದ್ರ ಖ. ಅಷ್ಟಕ್ಕ ಆವತ್ತಿನ ಪಾಠ ಮುಗೀತು.

“ದೊಡ್ಡವರಿಗೆ ಕೂಸಿನಂಗ ಮುದ್ದು ಮಾಡಿ ಕಲಿಸಬೇಕೇನು?” ಅಂತಾರ ಕೆಲವರು. ಮುದ್ದು ಬ್ಯಾಡ್ರಿ, ಮರ್ಯಾದಿ ಸಾಕು. ಹೆದರಿಕಿ ಎಲ್ಲಾ ಸುಳ್ಳೂ ಅಲ್ಲ. ಫೋನಿನಾಗ ರೊಕ್ಕದ ವಿಷಯಕ್ಕ ಹೆದರೋದು ಶಾಣ್ಯಾತನ. ಅಲ್ಲಿ ಕಂಟ್ರೋಲ್ ಜೆಡ್ ಇಲ್ಲ. ಅದಕ್ಕ ನಗಬ್ಯಾಡ್ರಿ, ‘ರೊಕ್ಕ ಬರಲಿಕ್ಕೆ ಪಿನ್ ಹಾಕೋದು ಬೇಕಾಗಿಲ್ಲ, ಕೇಳಿದವ ಕಳ್ಳ’ ಅಂತ ಹೇಳಿಕೊಡ್ರಿ.

ಈಗ ಒಂದು ಹಾಡು ಪೂರ್ತಿ ಆಗೇದ. ಮೂರು ದಿನ ಹಿಡೀತು. ನಿನ್ನೆ ಮಗಾ ಬಂದು “ಇಲ್ಲಿ ತಪ್ಪದ” ಅಂತ ಮೌಸಿಗೆ ಕೈ ಹಾಕಿದ್ರು. “ಕೈ ತಗಿ, ಎಲ್ಲಿ ಅಂತ ಬಾಯಿಲೆ ಹೇಳು” ಅಂದ್ರು ಅತ್ತಿಯವರು.

ನಿಮ್ಮ ಮನಿಯಾಗೂ ಇದನ್ನ ಹೇಳ್ರಿ.